ಊಟಿಯ ಹಳದಿ ಮನೆ, ಜಯನಗರದ ಗುಲಾಬಿ ಮನೆ

ನಮ್ಮನೇಲಿ ನಗೋ ಪ್ರಸಂಗಗಳು ಹೇಳಿ ಕಳಿಸಿದ್ರೆ ಬರೋವಲ್ಲ. ಹಾಲಿನವಳ ಹಾಗೆ ದಿನಾ ತಾವಾಗೇ ಬಂದು ಬಾಗಿಲಲ್ಲಿ ನಿಲ್ಲೋವು. ಅದರಲ್ಲಿ ಮುಕ್ಕಾಲು ಪಾಲು ನಮ್ಮ ಮಾವನವರ ಕೃಪೆ. ಅವರು ಬಳೇಪೇಟೆ ಕಡೆ ಮೂವತ್ತು ವರ್ಷ ಪೋಸ್ಟ್‌ಮ್ಯಾನ್ ಆಗಿದ್ದು ರಿಟೈರಾದೋರು. "ಮೂಗಿನ ಮೇಲೆ ಮಚ್ಚೆ ಇರೋ ಶೆಟ್ಟರಿಗೆ, ಬೆಂಗಳೂರು" ಅಂತಷ್ಟೇ ಬರೆದ ಕಾಗದಾನೂ ಸರಿಯಾದ ಮೂಗಿಗೆ ತಲುಪಿಸಿದೋರು. ಅಂಥವರಿಗೆ ವಯಸ್ಸಾದ ಮೇಲೆ ಒಂದೇ ಒಂದು ಮನೆ ಸಿಗದೆ ಹೋಯ್ತು. ಅದು ನಮ್ಮನೆ.

೧. ಮೂರನೇ ಮನೆ ಕಾಫಿ

ಅರವತ್ತನೇ ಇಸವಿ ಆಸುಪಾಸಿನ ಮಾತು. ಜಯನಗರ ಆಗಷ್ಟೇ ಎದ್ದು ನಿಲ್ತಾ ಇತ್ತು. ನಾವು ಪೇಟೆ ಬಿಟ್ಟು ಯಡಿಯೂರು ಕೆರೆ ಕಡೆಯ ಒಂದು ಹೊಸ ಸಾಲಿಗೆ ಬಾಡಿಗೆಗೆ ಬಂದ್ವಿ. ಹತ್ತು ಮನೆ, ಹತ್ತೂ ಒಂದೇ ಅಚ್ಚು. ಅದೇ ಗೇಟು, ಅದೇ ಜಗುಲಿ, ಚೂರು ನೀಲಿ ಬೆರೆಸಿ ಹೊಡೆದ ಅದೇ ಬಿಳಿ ಸುಣ್ಣ.

ಒಂದು ಸಂಜೆ ವಾಕಿಂಗ್ ಹೋದ ಮಾವನವರು ಎಷ್ಟು ಹೊತ್ತಾದ್ರೂ ಬರಲಿಲ್ಲ. ಹುಡುಕಿಕೊಂಡು ಹೊರಟ್ರೆ ಮೂರನೇ ಮನೆ ಹಜಾರದಲ್ಲಿ ಕೂತಿದ್ದಾರೆ. ಕೋಟು ಮೊಳೆಗೆ ನೇತುಹಾಕಿದ್ದಾರೆ, ಅವರ ಮನೆ ಪೇಪರು ಬಿಡಿಸಿಕೊಂಡಿದ್ದಾರೆ, ತಲೆ ಎತ್ತದೆ "ಕಾಫಿ ತಾರಮ್ಮ" ಅಂದಿದ್ದಾರೆ. ಆ ಮನೆಯಾಕೆ ಸಂಕೋಚದ ಹೆಂಗಸು. ಹಿರಿಯರು ಬಾಯಿ ಬಿಟ್ಟು ಕೇಳಿದ್ದಾರೆ, ಇಲ್ಲ ಅನ್ನೋದು ಹ್ಯಾಗೆ ಅಂತ ಮಾಡಿ ಕೊಟ್ಟೇಬಿಟ್ಟಿದ್ರು. ಮಾವನವರು ಕುಡಿದು ಮುಗಿಸಿ, "ಇವತ್ತು ಕಾಫಿ ಬಹಳ ಚೆನ್ನಾಗಿದೆಯಮ್ಮ" ಅಂದ್ರಂತೆ.

ನಾನು ಸೊಸೆಯಾಗಿ ಬಂದು ಆರು ವರ್ಷ ಆಗಿತ್ತು. ಆ ಮಾತು ಒಂದು ದಿನಾನೂ ನನ್ನ ಕಿವಿಗೆ ಬಿದ್ದಿರಲಿಲ್ಲ. ಡಾಕ್ಟರು ದಿನಕ್ಕೆ ಎರಡೇ ಲೋಟ, ಅದೂ ತೆಳ್ಳಗೆ ಅಂದಿದ್ರು, ನಾನು ಡಾಕ್ಟರ ಮಾತು ಮೀರೋಳಲ್ಲ. ಪಥ್ಯ ಮಾಡಿಸೋಳು ನಾನು, ಹೆಸರು ತಗೊಂಡೋಳು ಮೂರನೇ ಮನೆಯಾಕೆ.

ಇನ್ನೂ ಎರಡು ಸಲ ಹೀಗೇ ಆಯ್ತು. ಬೀದಿ ಮಕ್ಕಳು "ಪೋಸ್ಟ್ ತಾತ ದಾರಿ ತಪ್ಪಿದ್ರು" ಅಂತ ನಗೋಕೆ ಶುರು ಮಾಡಿದ್ವು. ಆಮೇಲೆ ಮಾವನವರು ಕೋಟು ಮುಟ್ಟಲಿಲ್ಲ. ದಿನಕ್ಕೆ ಎಂಟು ಮೈಲಿ ನಡೆದ ಕಾಲು ಜಗುಲಿ ಮೇಲೆ ಸುಮ್ಮನೆ ಇಳಿಬಿದ್ದಿರೋದು. "ಊರೋರ ಮನೆಯೆಲ್ಲಾ ಹುಡುಕಿದೆ ಕಣಮ್ಮ, ನನ್ನ ಮನೆ ಸಿಗಲ್ಲ ಅಂದ್ರೆ ಏನು ಬಾಳು" ಅಂದ್ರು ಒಂದು ದಿನ. ನಾನು ಒಳಗೆ ಹೋಗಿ ಅತ್ತುಬಿಟ್ಟೆ.

೨. ಗುಂಡ್ಲುಪೇಟೆಯ ಪೋಸ್ಟ್ ಡಬ್ಬ

ಅಷ್ಟರಲ್ಲಿ ಊಟಿಯಿಂದ ಒಂದು ಕಾಗದ ಬಂತು. ಬರೆದವರು ಮಾವನವರ ಹಳೇ ಜೊತೆಗಾರರು, ರಿಟೈರಾಗಿ ಅಲ್ಲೇ ನೆಲೆ ನಿಂತವರು. "ನಮ್ಮೂರಲ್ಲಿ ಒಂದೊಂದು ಮನೆಗೆ ಒಂದೊಂದು ಬಣ್ಣ. ಕುರುಡನೂ ದಾರಿ ತಪ್ಪಲ್ಲ. ಬಂದು ನೋಡು" ಅಂತ ಬರೆದಿದ್ರು. ಮಾವನವರು ಆ ಸಾಲನ್ನ ಮೂರು ಸಲ ಓದಿದ್ರು. ನಮ್ಮನೆಯವರು ಸರ್ಕಾರಿ ಗುಮಾಸ್ತರು. ಅಪ್ಪನ ಮುಖ ನೋಡಿ ನಾಲ್ಕು ದಿನ ರಜಾ ಬರೆದ್ರು.

ಬಸ್ಸಲ್ಲಿ ಮಾವನವರಿಗೆ ಕಾಡು, ಆನೆ ಯಾವುದೂ ಬೇಡ. ಪ್ರತಿ ಊರಲ್ಲೂ ಕಿಟಕಿಯಿಂದ ಕತ್ತು ಚಾಚಿ ಪೋಸ್ಟ್ ಡಬ್ಬ ನೋಡೋರು. ಗುಂಡ್ಲುಪೇಟೇಲಿ ಒಂದು ಡಬ್ಬದ ಮೇಲೆ ಟಪಾಲು ತೆಗೆಯೋ ಹೊತ್ತಿನ ತಗಡು ಬದಲಾಯಿಸಿರಲಿಲ್ಲ. ಅಷ್ಟೇ, ಇಳಿದೇ ಬಿಟ್ರು. "ಇದು ಬೆಳಗಿನ ತಗಡು, ಈಗ ಮಧ್ಯಾಹ್ನ. ಜನ ಏನು ನಂಬಬೇಕು?" ಅಂತ ಡಬ್ಬದ ಮುಂದೆ ನಿಂತು ವಿಚಾರಣೆ. ಬಸ್ಸು ಕಾಲು ಗಂಟೆ ನಿಂತಿತು.

ಕಂಡಕ್ಟರು ಬಂದು ಕೈ ಮುಗಿದು, "ತಾತಾ, ನಿಮ್ಮನ್ನೇ ಈ ಡಬ್ಬಕ್ಕೆ ಹಾಕ್ಬಿಡ್ಲಾ? ನಾಳೆ ಟಪಾಲಿಗೆ ಊಟಿ ಸೇರ್ಕೊಳ್ಳೀರಂತೆ" ಅಂದ.

ಮಾವನವರಿಗೆ ಕೋಪವೇ ಬರಲಿಲ್ಲ. "ಹಾಕಪ್ಪಾ. ಆದ್ರೆ ಸ್ಟಾಂಪ್ ಹಚ್ಚು. ಇಲ್ದಿದ್ರೆ ಅಲ್ಲಿ ಬಿಡಿಸ್ಕೊಳ್ಳೋರು ದಂಡ ಕಟ್ಟಬೇಕಾಗುತ್ತೆ" ಅಂದು ಬಸ್ಸು ಹತ್ತಿದ್ರು.

೩. ಬೆಳಿಗ್ಗೆ ಇದ್ದ ಮನೆ

ಊಟಿ ನೋಡಿದ್ರೆ ಕಾಗದದಲ್ಲಿ ಬರೆದದ್ದು ಸುಳ್ಳಲ್ಲ. ಮೇಲೆ ಬ್ರಿಟಿಷರ ಕಾಲದ ಬಂಗಲೆಗಳು, ಕೆಳಗೆ ಇಳಿಜಾರಿನುದ್ದಕ್ಕೂ ಮೆಟ್ಟಿಲು ಮೆಟ್ಟಿಲಾಗಿ ಪುಟ್ಟ ಮನೆಗಳು. ಹಸಿರು, ಕೆಂಪು, ನೀಲಿ, ಬದನೆಕಾಯಿ ಬಣ್ಣ. ಗೌರಿ ಹಬ್ಬಕ್ಕೆ ಬಳೆಯಂಗಡಿ ತೆರೆದಿಟ್ಟ ಹಾಗೆ. ಕಾಗದ ಬರೆದಿದ್ದ ಜೊತೆಗಾರರು ನಮಗೆ ಒಂದು ಹಳದಿ ಮನೇಲಿ ರೂಮು ಗೊತ್ತು ಮಾಡಿದ್ರು.

ಮೊದಲನೇ ಸಂಜೆ ಮಾವನವರು ಕೋಟು ಹಾಕ್ಕೊಂಡು ಒಬ್ಬರೇ ಹೊರಟ್ರು. ನಾನು ಬಾಗಿಲು ಬಿಟ್ಟು ಅಲ್ಲಾಡಲಿಲ್ಲ. ಗಂಟೆ ಕಳೆದ ಮೇಲೆ ನೆಟ್ಟಗೆ ಹಳದಿ ಮನೆಗೇ ವಾಪಸ್ ಬಂದ್ರು. ಮುಖ ಹುಡುಗನ ಮುಖ ಆಗಿತ್ತು. ಆದರೂ ನಮ್ಮನೆಯವರು ಮಾರನೇ ದಿನ, "ಅಪ್ಪಾ, ನಾವು ಕೆರೆ ಹತ್ರ ಹೋಗಿ ಬರ್ತೀವಿ. ನೀವು ಎಲ್ಲೂ ಹೋಗ್ಬೇಡಿ, ತಪ್ಪಿಸ್ಕೊಂಡ್ರೆ ಕಷ್ಟ" ಅಂತ ಮಕ್ಕಳಿಗೆ ಹೇಳಿದ ಹಾಗೆ ಹೇಳಿ ಹೊರಟ್ರು.

ಸಂಜೆ ನಾವು ಮರಳಿದಾಗ ಮಂಜು ಇಳಿದಿತ್ತು. ಮೆಟ್ಟಿಲು ಹತ್ತಿದ್ವಿ. ಹಳದಿ ಮನೆ ಇಲ್ಲ. ಇಳಿದ್ವಿ, ಮತ್ತೆ ಹತ್ತಿದ್ವಿ. ಎಡಕ್ಕೆ ಐದನೇದು ಅಂತ ನಮ್ಮನೆಯವರು ಬೆರಳು ಮಡಚಿ ಎಣಿಸಿದ್ರು, ಐದನೇದು ನೀಲಿ. "ನೀನು ಮಾತಾಡ್ತಾ ಇದ್ದೆ, ಅದಕ್ಕೇ ದಾರಿ ತಪ್ಪಿದ್ದು" ಅಂತ ನನ್ನ ಮೇಲೆ ರೇಗಿದ್ರು. ಗಂಡಸರು ದಾರಿ ತಪ್ಪೋದು ಯಾವಾಗಲೂ ಹೆಂಡತಿ ಬಾಯಿಂದಲೇ.

ಮೂರನೇ ಸಲ ಹತ್ತಿದಾಗ ಆ ನೀಲಿ ಮನೆ ಜಗುಲಿ ಮೇಲೆ ಕಂಬಳಿ ಹೊದ್ದು, ಮಂಕಿ ಟೋಪಿ ಎಳೆದುಕೊಂಡು ಯಾರೋ ಮುದುಕರು ಕೂತಿದ್ದು ಕಾಣಿಸ್ತು. ನಮ್ಮನೆಯವರು ಹತ್ತಿರ ಹೋಗಿ ಬಲು ವಿನಯದಿಂದ, "ತಾತಾ, ಇಲ್ಲಿ ಒಂದು ಹಳದಿ ಮನೆ ಇತ್ತಲ್ಲ, ಎಲ್ಲಿ ಬರುತ್ತೆ?" ಅಂತ ಕೇಳಿದ್ರು.

ಟೋಪಿಯೊಳಗಿಂದ ಉತ್ತರ ಬಂತು. "ಬೆಳಿಗ್ಗೆ ಇಲ್ಲೇ ಇತ್ತಪ್ಪಾ. ಸೀಸನ್ನಿಗೆ ಅಂತ ಬಣ್ಣ ಬದಲಾಯಿಸಿದ್ರು. ನಿಮ್ಮಪ್ಪ ಬೇಕಿದ್ರೆ ಹೇಳು, ಅವರು ಬದಲಾಗಿಲ್ಲ."

ನಾವು ಮೂರು ಸಲ ಹತ್ತಿ ಇಳಿದಿದ್ದನ್ನೂ ಅವರು ಅಲ್ಲೇ ಕೂತು ನೋಡಿದ್ರಂತೆ. ಯಾಕೆ ಕರೀಲಿಲ್ಲ ಅಂದ್ರೆ, "ನೀವು ಬೈಕೊಂಡು ಹೋಗ್ತಿದ್ರಿ. ಗಂಡ ಹೆಂಡತಿ ಮಧ್ಯೆ ಬಾಯಿ ಹಾಕಬಾರದು" ಅಂದ್ರು.

೪. ಗುಲಾಬಿ

ವಾಪಸ್ ಬಂದ ಮೇಲೆ ಮಾವನವರು ಹಟ ಹಿಡಿದ್ರು. ನಮ್ಮನೆಗೂ ಬಣ್ಣ ಬೇಕು, ಸಾಲಿನಲ್ಲಿ ಯಾರಿಗೂ ಇಲ್ಲದ ಬಣ್ಣ. ಓನರು ಒಪ್ಪಿದ್ರು. ಸುಣ್ಣಕ್ಕೆ ಗುಲಾಬಿ ಪುಡಿ ಕಲಸಿ ಹೊಡೆಸಿದ್ವಿ. ಬಿಳೀ ಸಾಲಿನ ನಡುವೆ ನಮ್ಮನೆ ಮದುವಣಗಿತ್ತಿ ಹಾಗೆ ನಿಂತುಬಿಡ್ತು. ಮಾವನವರು ಕೋಟು ತಗೊಂಡು ಕೆರೆ ಏರಿ ತನಕ ಹೋಗಿ, ದೂರದಿಂದಲೇ ಮನೆ ಗುರುತು ಹಿಡಿದು ಬರೋರು. ಆ ಮೂರು ತಿಂಗಳು ಅವರು ಊಟಕ್ಕೆ ಕೂತಾಗ ತಾವಾಗೇ ಇನ್ನೊಂದು ಸೌಟು ಹುಳಿ ಕೇಳಿ ಹಾಕಿಸ್ಕೊಂಡ್ರು.

ಆಮೇಲೆ ಹಬ್ಬ ಬಂತು. ಪಕ್ಕದ ಮನೆಯವರು, "ನಿಮ್ಮನೆ ಬಣ್ಣ ಎಷ್ಟು ಲಕ್ಷಣವಾಗಿದೆ ಕಣ್ರೀ, ನಾವೂ ಹೊಡೆಸ್ತೀವಿ" ಅಂದ್ರು. ಬೇಡ ಅನ್ನೋಕಾಗುತ್ತಾ? ಅವರನ್ನ ನೋಡಿ ಆಚೆಯವರು, ಆಚೆಯವರನ್ನ ನೋಡಿ ಅವರಾಚೆಯವರು. ಸುಣ್ಣ ಹೊಡೆಯೋನೂ ಒಬ್ಬನೇ, ಪುಡಿ ಮೂಟೆಯೂ ಒಂದೇ. ಹಬ್ಬದ ದಿನ ಬೆಳಿಗ್ಗೆ ಗೇಟಿಗೆ ಬಂದು ನೋಡ್ತೀನಿ, ಹತ್ತೂ ಮನೆ ಗುಲಾಬಿ. ಸಂಕೋಚದ ಮೂರನೇ ಮನೆಯಾಕೆ ಬೇರೆ ಹೋಳಿಗೆ ತಂದುಕೊಟ್ಟು, "ಈಗ ಎಲ್ಲಾ ಒಂದೇ ಮನೆ ಹಾಗಿದೆ ನೋಡಿ" ಅಂದ್ರು. ಅದೇ ನಮ್ಮ ಕಷ್ಟ ಅಂತ ಆಕೆಗೆ ಹ್ಯಾಗೆ ಹೇಳಲಿ.

ಮಾವನವರು ಗೇಟಿನ ತನಕ ಬಂದು ಸಾಲು ನೋಡಿ ಒಳಗೆ ಹೋದ್ರು. ಕೋಟು ಮತ್ತೆ ಮೊಳೆಗೆ ಹೋಯ್ತು.

೫. ಸ್ಟಾಂಪ್ ಇಲ್ಲದ ಕಾರ್ಡು

ಒಂದು ಮಧ್ಯಾಹ್ನ ಹೊಸ ಪೋಸ್ಟ್‌ಮ್ಯಾನು ಏಳನೇ ಮನೆ ಕಾಗದಾನ ನಮ್ಮನೇಲಿ ಹಾಕಿ ಹೋದ. ಇನ್ನೊಬ್ಬರ ಕಾಗದ ತಮ್ಮ ಮನೇಲಿ ಬಿದ್ದಿರೋದು ಮಾವನವರಿಗೆ ಮುಳ್ಳು ಚುಚ್ಚಿದ ಹಾಗೆ. ಎದ್ರು, ಕೋಟು ಹಾಕ್ಕೊಂಡ್ರು, ವಿಳಾಸ ಓದ್ಕೊಂಡು ಹೊರಟೇಬಿಟ್ರು. ನಾನು ಹಿಂದೇನೇ ಹೋಗಿ ಗೇಟಲ್ಲಿ ನಿಂತು ನೋಡ್ತೀನಿ, ಬಾಗಿಲ ಮೇಲಿನ ನಂಬರು ಒಂದೊಂದಾಗಿ ನೋಡ್ಕೊಂಡು ಹೋಗಿ ಏಳನೇ ಮನೇಗೇ ಕೊಟ್ರು. ಆಗ ನನಗೆ ಹೊಳೀತು. ಕಾಗದ ಕೈಲಿದ್ರೆ ಅವರ ಕಣ್ಣು ತಾನಾಗೇ ನಂಬರು ಹುಡುಕೋದು. ಕೈ ಖಾಲಿ ಇದ್ರೆ ಯಾವ ನಂಬರೂ ಕಾಣ್ತಿರ್ಲಿಲ್ಲ. ಅದಕ್ಕೇ ಹೋಗುವಾಗ ಸರಿಯಾಗಿ ಹೋದೋರು, ಬರುವಾಗ ಮತ್ತೆ ಮೂರನೇ ಮನೆಗೆ ನುಗ್ಗಿದ್ರು.

ಮಾರನೇ ದಿನ ನಾನೊಂದು ಸಾದಾ ರಟ್ಟಿನ ಕಾರ್ಡು ತಗೊಂಡು ನಮ್ಮನೆ ವಿಳಾಸಾನೇ ಬರೆದೆ. ನಂಬರು, ಕ್ರಾಸು, ಬ್ಲಾಕು, ಎಲ್ಲಾ. ಅವರ ಕೋಟಿನ ಜೇಬಿಗಿಟ್ಟು, "ಮಾವ, ವಾಕಿಂಗ್ ಮುಗಿಸ್ಕೊಂಡು ಬರುವಾಗ ಇದನ್ನ ಸ್ವಲ್ಪ ತಲುಪಿಸ್ಬಿಡಿ" ಅಂದೆ. ಅವರು ಕಾರ್ಡು ನೋಡಿದ್ರು, ನನ್ನ ನೋಡಿದ್ರು, ಕೋಟು ಹಾಕ್ಕೊಂಡು ಹೊರಟ್ರು.

ಸಂಜೆ ಆರಕ್ಕೆ ಸರಿಯಾಗಿ ನಮ್ಮ ಗೇಟಲ್ಲೇ "ಪೋಸ್ಟ್" ಅನ್ನೋ ಕೂಗು. ಓಡಿ ಬಂದು ಕೈ ಚಾಚಿದೆ. ಅವರು ಕಾರ್ಡು ಕೊಡದೆ ಹಿಂದೆ ಮುಂದೆ ತಿರುಗಿಸಿ, "ಸ್ಟಾಂಪ್ ಹಚ್ಚಿಲ್ವಲ್ಲಮ್ಮ. ದಂಡ ಕೊಟ್ಟು ಬಿಡಿಸ್ಕೋಬೇಕು" ಅಂದ್ರು.

"ಎಷ್ಟು ದಂಡ ಮಾವ?"

"ಒಂದು ಲೋಟ ಕಾಫಿ. ಗಟ್ಟಿ ಡಿಕಾಕ್ಷನ್."

ಡಾಕ್ಟರು ಎರಡೇ ಲೋಟ ಅಂದಿದ್ರು. ಇದು ಮೂರನೇದು. ಮಾಡಿಕೊಟ್ಟೆ. ಜಗುಲಿ ಮೇಲೆ ಕೂತು ನಿಧಾನವಾಗಿ ಕುಡಿದು, "ಚೆನ್ನಾಗಿದೆಯಮ್ಮ" ಅಂದ್ರು.

ಆಮೇಲೆ ಅವರು ಒಂಬತ್ತು ವರ್ಷ ಇದ್ರು. ಅಷ್ಟೂ ದಿನ ಅದೇ ಕಾರ್ಡು ಸಂಜೆ ಸಂಜೆ ಮನೆಗೆ ಬಂತು. ಮೂಲೆ ಮಡಚಿ ಹೋಯ್ತು, ಅಕ್ಷರದ ಮೇಲೆ ಎರಡು ಸಲ ಮಸಿ ತಿದ್ದಿದೆ. ಸ್ಟಾಂಪ್ ಮಾತ್ರ ನಾನು ಕೊನೇವರೆಗೂ ಹಚ್ಚಲಿಲ್ಲ.