ಹಸುವಿಗೆ ಸೇರಿದ ಸತು

ಮೇಷ್ಟ್ರಾದವನಿಗೆ ಒಂದು ಕೆಟ್ಟ ಚಟ ಅಂಟಿಕೊಳ್ಳುತ್ತದೆ: ಕೇಳದವರಿಗೂ ಪಾಠ ಹೇಳುವುದು. ನಾನು ಮಂಡ್ಯದ ಕಾಲೇಜೊಂದರಲ್ಲಿ ಇಪ್ಪತ್ತಾರು ವರ್ಷದಿಂದ ರಸಾಯನಶಾಸ್ತ್ರ ಹೇಳುತ್ತಿದ್ದೇನೆ. ಕ್ಲಾಸಿನಲ್ಲಿ ಕೇಳುವವರು ಕಡಿಮೆಯಾದಂತೆಲ್ಲ ಹೊರಗೆ ಹೇಳುವುದು ಹೆಚ್ಚಾಗಿದೆ. ಕಾಲವೂ ಅದಕ್ಕೆ ಕೂಡಿಬಂದಿದೆ. ಮೊದಲೆಲ್ಲ ಎದುರಾದವರು ಊಟ ಆಯ್ತಾ ಎನ್ನುತ್ತಿದ್ದರು. ಈಗ ಪಾರ್ಕಿನಲ್ಲಿ ವಾಕಿಂಗಿಗೆ ಬರುವವರು ವಿಟಮಿನ್ ಡಿ ಎಷ್ಟಿದೆ ಎಂದು ವಿಚಾರಿಸುತ್ತಾರೆ. ಮುದ್ದೆ, ಬಸ್ಸಾರು ಬಿಟ್ಟು, ಬಿಟ್ಟ ಸೊಪ್ಪಿನಲ್ಲಿದ್ದ ಕಬ್ಬಿಣವನ್ನೇ ಡಬ್ಬಿಯಲ್ಲಿ ಕೊಂಡು ನುಂಗುವ ಈ ಜನರನ್ನು ಕಂಡು ನಾನು ಮನಸಾರೆ ನಗುತ್ತಿದ್ದೆ. ನಗುನಗುತ್ತಲೇ, ಆ ಡಬ್ಬಿ ಮಾರುವವನು ನಾನೇ ಯಾಕಾಗಬಾರದು ಎಂದೂ ಯೋಚಿಸಿದೆ.

ಹಾಗೆ ಹೊಳೆದದ್ದು ಅಣಬೆ. ಸಾರಿಗೆ ಹಾಕುವ ಅಣಬೆಯಲ್ಲ, ಗ್ಯಾನೋಡರ್ಮ ಎಂಬ ಔಷಧಿಯ ಅಣಬೆ. ನೋಡಲು ಹಲಗೆಯ ಚೂರು, ಕುಡಿಯಲು ವಿಪರೀತ ಕಹಿ. ಅಷ್ಟು ಕಹಿಯಾದದ್ದು ಒಳ್ಳೆಯದೇ ಇರಬೇಕೆಂದು ಜನ ತಾವೇ ನಂಬುತ್ತಾರೆ. ಮರದ ಪುಡಿ, ಅಕ್ಕಿ ತೌಡು ಕಲಸಿ ಚೀಲಕ್ಕೆ ತುಂಬಿ, ಬೇಯಿಸಿ, ಬೀಜ ಹಾಕಿದರೆ ಬೆಳೆಯುತ್ತದೆ. ಕಲಸುವ ನೀರಿಗೆ ಸತು, ಕಬ್ಬಿಣದ ಲವಣ ಬೆರೆಸಿದರೆ ಅಣಬೆ ಅದನ್ನು ಹೀರಿಕೊಂಡು ಖನಿಜಭರಿತವಾಗುತ್ತದೆ. ನನ್ನ ರಸಾಯನಶಾಸ್ತ್ರ ಕೊನೆಗೂ ಒಂದು ಕೆಲಸಕ್ಕೆ ಬಂತೆಂದು ನಾನು ಉಬ್ಬಿಹೋದೆ.

ಜಾಗ ಸಿಕ್ಕಿದ್ದು ಕೆರಗೋಡಿನಲ್ಲಿ, ನಮ್ಮ ಚಿಕ್ಕವ್ವನ ಮನೆಯ ಹಿಂದಿನ ಕೋಣೆಯಲ್ಲಿ. ಚಿಕ್ಕವ್ವ ಎಂದರೆ ನನ್ನ ತಾಯಿಯ ತಂಗಿ. ಒಂದು ಹಸು ಕಟ್ಟಿಕೊಂಡು ಡೈರಿಗೆ ಹಾಲು ಹಾಕುವವಳು. ನಾನು ಕಾಲೇಜಿನಲ್ಲಿರುವಾಗ ಚೀಲ ತುಂಬುವ ಕೆಲಸ ಅವಳದು. ಲವಣದ ಪುಡಿಯನ್ನು ತೂಗಿ, ಡಬ್ಬಕ್ಕೆ ತುಂಬಿ, ಮೇಲೆ ದಪ್ಪಕ್ಷರದಲ್ಲಿ 'ಖನಿಜ, ದಿನಕ್ಕೆ ಎರಡು ಚಮಚ' ಎಂದು ಬರೆದು ಅಂಟಿಸಿದೆ. ಅಷ್ಟರ ಮೇಲೆ ಅರ್ಧ ಗಂಟೆ ಪಾಠವನ್ನೂ ಹೇಳಿದೆ. ಚಿಕ್ಕವ್ವ ತಲೆಯಾಡಿಸಿದಳು. ತಲೆಯಾಡಿಸುವವರನ್ನು ನಂಬಬಾರದೆಂದು ಇಪ್ಪತ್ತಾರು ವರ್ಷದ ಸರ್ವೀಸು ನನಗೆ ಕಲಿಸಬೇಕಿತ್ತು.

ನಾಲ್ಕು ತಿಂಗಳಿಗೆ ಮೊದಲ ಬೆಳೆ ಬಂತು. ಒಣಗಿಸಿ, ಒಂದು ಹಿಡಿಯನ್ನು ಪರೀಕ್ಷೆಗೆ ಕಳಿಸಿದೆ. ಸೋಮನಹಳ್ಳಿಯಲ್ಲಿ ಪೌಷ್ಟಿಕಾಂಶದ ಪುಡಿ ತಯಾರಿಸುವ ಒಬ್ಬ ತರುಣ, ವರದಿ ಚೆನ್ನಾಗಿ ಬಂದರೆ ಅಷ್ಟೂ ಬೆಳೆಯನ್ನು ಕೊಳ್ಳುವುದಾಗಿ ಹೇಳಿದ್ದ. ವರದಿಗೆ ಕಾಯುತ್ತ ಇನ್ನಷ್ಟನ್ನು ನಾನೇ ಕಷಾಯ ಮಾಡಿ ಕುಡಿಯತೊಡಗಿದೆ. ಏನು ಹೇಳಲಿ! ವಾರದಲ್ಲೇ ಮೈ ಹಗುರಾಯಿತು, ನಿದ್ದೆ ಬಂತು, ಕೂದಲುದುರುವುದೂ ನಿಂತಂತೆ ತೋರಿತು. ಇದೆಲ್ಲ ಸತುವಿನ ಮಹಿಮೆ ಎಂದು ಆ ತರುಣನಿಗೆ ಫೋನಿನಲ್ಲಿ ಹೇಳಿದೆ, ಸ್ಟಾಫ್ ರೂಮಿನಲ್ಲಿ ಬೋರ್ಡಿನ ಮೇಲೆ ಬರೆದು ವಿವರಿಸಿದೆ. ಹೆಂಡತಿ ಮಾತ್ರ, ಸಿಡುಕು ಕಡಿಮೆಯಾಗಲು ಏನು ಬೆರೆಸಬೇಕೋ ಅದನ್ನು ಮರೆತಿದ್ದೀರಿ ಎಂದಳು.

ವರದಿ ಬಂತು. ಸತುವೂ ಕಬ್ಬಿಣವೂ ಯಾವ ಅಣಬೆಯಲ್ಲೂ ಇರುವಷ್ಟೇ. ಲ್ಯಾಬಿನವರನ್ನು ಬೈದುಕೊಳ್ಳುತ್ತ ಕೆರಗೋಡಿನ ಬಸ್ಸು ಹತ್ತಿದೆ. ಡಬ್ಬ ಖಾಲಿಯಾಗಿತ್ತು. ಹಾಗಾದರೆ ಪುಡಿ ಎಲ್ಲಿಗೆ ಹೋಯಿತು ಎಂದು ಕೇಳಿದೆ.

"ಅಸೂಗೆ ಆಕ್ದೆ ಕಣ್ಲಾ," ಎಂದಳು ಚಿಕ್ಕವ್ವ. "ಡೈರಿಯೋರು ಕೊಡೋ ಖನಿಜದ ಪುಡೀನೂ ದಿನಕ್ಕೆರಡು ಚಮಚವೇ. ಮರದ್ ಪುಡಿಗೆ ಯಾರಾದ್ರೂ ಔಸ್ದಿ ಆಕ್ತಾರಾ? ಓದ್ದೋನು, ಅಸೂಗೆ ಅಂತ ಯೇಳೋಕೆ ನಾಚ್ಕಂಡಿದ್ದೀಯ ಅಂದ್ಕಂಡೆ."

ಎರಡು ವರ್ಷದಿಂದ ಗಬ್ಬ ನಿಲ್ಲದಿದ್ದ ಆ ಹಸು ಈಗ ಗಬ್ಬವಾಗಿ, ಮೈ ಮಿರಮಿರ ಮಿಂಚಿಸಿಕೊಂಡು ನನ್ನನ್ನೇ ನೋಡುತ್ತ ಮೆಲುಕು ಹಾಕುತ್ತಿತ್ತು. ನನಗೆ ಹೊಟ್ಟೆ ಉರಿಯಿತು. ಸತು ತಿಂದದ್ದು ಅದು, ಭಾಷಣ ಮಾಡಿದ್ದು ನಾನು.

ಏನೇ ಆಗಲಿ, ನಾನು ವಿಜ್ಞಾನದವನು. ಸತ್ಯ ಹೇಳಿಬಿಡುವುದೆಂದು ವರದಿ ಹಿಡಿದು ಸೋಮನಹಳ್ಳಿಗೆ ಹೋದೆ. ಆ ತರುಣ ವರದಿಯನ್ನು ಮಡಚಿ ನನ್ನ ಕೈಗೇ ಕೊಟ್ಟ.

"ಸಾರ್, ಖನಿಜ ಎಷ್ಟಿದೆ ಅಂತ ಯಾರೂ ಕೇಳಲ್ಲ. ಕುಡಿದೋರ ಮುಖ ನೋಡ್ತಾರೆ. ನೀವು ಕೆಮಿಸ್ಟ್ರಿ ಮೇಷ್ಟ್ರು, ಕುಡಿದಿದ್ದೀರಿ, ಒಳ್ಳೇದಾಗಿದೆ. ನಿಮ್ಮ ಫೋಟೋ ಸಾಕು."

ಮಾತು ಮುಗಿಯುವುದರೊಳಗೆ ಫೋಟೋ ತೆಗೆದು, ಕಂಪ್ಯೂಟರಿನಲ್ಲಿ ಡಬ್ಬಿಯ ಚೀಟಿಗೆ ಕೂಡಿಸಿ ತೋರಿಸಿದ. ನಾನು ಎದ್ದು ನಿಂತು ಕಾಲು ಗಂಟೆ ಬೈದೆ. ಜನರ ನಂಬಿಕೆ, ವಿಜ್ಞಾನದ ಮರ್ಯಾದೆ, ಯಾವುದನ್ನೂ ಬಿಡಲಿಲ್ಲ. ನನ್ನ ಮುಖವನ್ನು ಚೀಟಿಯಿಂದ ನನ್ನೆದುರೇ ಅಳಿಸಿಹಾಕಿಸಿದೆ. ಅಣಬೆ ಕೊಡುವುದಿಲ್ಲವೆಂದು ಹೇಳಿ ತಲೆಯೆತ್ತಿ ಹೊರಗೆ ಬಂದೆ.

ಆದರೆ ಅಳಿಸುವ ಮೊದಲು, ಆ ಫೋಟೋವನ್ನು ನನ್ನ ಮೊಬೈಲಿಗೆ ಕಳಿಸಿಕೊಂಡಿದ್ದೆ. ಸುಳ್ಳೇಕೆ, ಚೆನ್ನಾಗಿ ಬಂದಿತ್ತು. ಈಗ ವಾಟ್ಸಾಪಿನಲ್ಲಿ ನನ್ನ ಹೆಸರಿನ ಪಕ್ಕ ಅದೇ ಇದೆ. ನಿನ್ನೆ ನಮ್ಮ ಪ್ರಿನ್ಸಿಪಾಲರು, 'ಹತ್ತು ವರ್ಷ ಚಿಕ್ಕವರಾಗಿದ್ದೀರಿ, ಎಲ್ಲ ಅಣಬೆಯ ಸತುವೇ?' ಎಂದು ಮೆಸೇಜು ಹಾಕಿದ್ದಾರೆ. ಅದಕ್ಕೆ ಸತ್ಯವನ್ನೇ ಬರೆಯಬೇಕೆಂದು ಮೂರು ಸಲ ಟೈಪ್ ಮಾಡಿ ಮೂರು ಸಲ ಅಳಿಸಿ, ಕೊನೆಗೆ ಕೈಮುಗಿದ ಚಿತ್ರವೊಂದನ್ನು ಕಳಿಸಿದ್ದೇನೆ.