ನಮ್ಮ ಮಗ್ಗ ಕಾಯುತ್ತಿರುವ ಕೆಂಪು ಹಗ್ಗದವರಿಗೆ

ಮಾನ್ಯರೇ,

ದೊಡ್ಡಬಳ್ಳಾಪುರದ ನೇಕಾರರ ಬೀದಿಯ ನಿವಾಸಿಯೂ, ನೇಕಾರ ರಾಮಲಿಂಗಯ್ಯನವರ ಹೆಂಡತಿಯೂ, ಕಳೆದ ಐದು ತಿಂಗಳಿಂದ ತಮ್ಮೊಡನೆ ಒಂದೇ ಸೂರಿನಡಿ ಬಾಳುತ್ತಿರುವವಳೂ ಆದ ಭಾಗ್ಯಮ್ಮ ಮಾಡುವ ನಮಸ್ಕಾರಗಳು. ತಾವು ಕ್ಷೇಮವಾಗಿರುವುದನ್ನು ದಿನವೂ ಕಣ್ಣಾರೆ ಕಾಣುತ್ತಿದ್ದೇನೆ. ಹಿತ್ತಾಳೆ ಬಣ್ಣದ ಕಂಬಗಳಿಗೆ ಜೋತುಬಿದ್ದಿರುವ ತಮ್ಮ ಮಖಮಲ್ಲಿನ ಮೈಯನ್ನು ವಾರಕ್ಕೊಮ್ಮೆ ಒರೆಸುವ ಭಾಗ್ಯವೂ ನನ್ನದೇ ಆದ್ದರಿಂದ, ತಮ್ಮ ಆರೋಗ್ಯದ ವಿಚಾರ ನನಗಿಂತ ಚೆನ್ನಾಗಿ ಬಲ್ಲವರು ಸರ್ಕಾರದಲ್ಲೂ ಯಾರೂ ಇರಲಾರರು.

ಈ ಪತ್ರವನ್ನು ನ್ಯಾಯವಾಗಿ ತಮ್ಮನ್ನು ಇಲ್ಲಿಗೆ ಕಳಿಸಿದ ಯೋಜನೆಯ ಮೇಲಿನವರಿಗೆ ಬರೆಯಬೇಕಿತ್ತು. ಬರೆದೆ. ಮೊದಲನೆಯ ಪತ್ರ ತಲುಪಿದೆ ಎಂದು ಉತ್ತರ ಬಂತು, ಎರಡನೆಯ ಪತ್ರ ಮೊದಲನೆಯದರ ಜೊತೆ ಸೇರಿಸಲಾಗಿದೆ ಎಂದು ಉತ್ತರ ಬಂತು, ಮೂರನೆಯದಕ್ಕೆ ಯೋಜನೆಯ ಹೆಸರು ಅಚ್ಚಾಗಿರುವ ಕ್ಯಾಲೆಂಡರ್ ಬಂತು. ಯೋಜನೆಗೆ ಸೇರಿದವರಲ್ಲಿ ರಜೆ ಹಾಕದೆ, ಮೀಟಿಂಗಿಗೆ ಹೋಗದೆ, ಯಾವ ಹೊತ್ತಿನಲ್ಲಿ ಬಂದರೂ ಜಾಗದಲ್ಲೇ ಸಿಗುವವರು ತಾವೊಬ್ಬರೇ ಎಂದು ನನಗೆ ಆಮೇಲೆ ಹೊಳೆಯಿತು.

ನಡೆದದ್ದನ್ನು ತಮ್ಮ ಗಮನಕ್ಕೆ ತರುತ್ತೇನೆ, ಏಕೆಂದರೆ ತಾವು ಬಂದದ್ದು ಎಲ್ಲ ಮುಗಿದ ಮೇಲೆ. ಪರಂಪರೆ ತೋರಿಸಿ ಪ್ರವಾಸಿಗರನ್ನು ಕರೆತಂದು ಊರಿನವರ ಬದುಕು ಹಸನು ಮಾಡುವ ಅನುದಾನವೊಂದು ಬಂದಿದೆ ಎಂದು ಹೇಳಿಕೊಂಡು ಉಮಾಶಂಕರ್ ಎಂಬ ಸಲಹೆಗಾರರು ನಮ್ಮ ಮನೆಗೆ ಬಂದರು. ಬಹಳ ಒಳ್ಳೆಯ ಹುಡುಗ, ಚಪ್ಪಲಿ ಹೊರಗೇ ಬಿಟ್ಟು ಬಂದರು. ಸುತ್ತ ಪವರ್‌ಲೂಮ್‌ಗಳ ಗದ್ದಲದ ನಡುವೆ, ನೆಲದಲ್ಲಿ ಗುಂಡಿ ತೋಡಿ ಅದರಲ್ಲಿ ಕಾಲು ಇಳಿಬಿಟ್ಟು ಕೂತು ಕೈಯಲ್ಲೇ ನೇಯುವ ಮಗ್ಗ ಈ ಬೀದಿಯಲ್ಲಿ ಉಳಿದಿರುವುದು ನಮ್ಮದೊಂದೇ ಎಂದು ಕೇಳಿ ಅವರ ಕಣ್ಣು ತುಂಬಿ ಬಂತು. "ಅಮ್ಮ, ಬಸ್ ತುಂಬ ಜನ ಬರ್ತಾರೆ. ಯಜಮಾನ್ರು ನೇಯ್ತಾ ಇರ್ತಾರೆ, ಅವ್ರು ನೋಡ್ತಾ ಇರ್ತಾರೆ, ಸೀರೆ ಮಗ್ಗದ ಮೇಲಿಂದ್ಲೇ ಮಾರಾಟ ಆಗೋಗುತ್ತೆ," ಎಂದರು. ನಾನು ನಂಬಿದೆ, ಕಾಫಿಯನ್ನೂ ಕೊಟ್ಟೆ.

ಅರ್ಜಿಯಲ್ಲಿ ವಸ್ತುವಿನ ವಯಸ್ಸು ಎಂಬ ಒಂದು ಕಾಲಂ ಇತ್ತು. "ನೂರೈವತ್ತು ವರ್ಷ ಅಂತ ಬರ್ಕೊಳಪ್ಪಾ, ನಮ್ ಮುತ್ತಾತ ಕೂತಿದ್ದ ಮಗ್ಗ," ಎಂದು ನಮ್ಮ ಯಜಮಾನರು ಎದೆಯುಬ್ಬಿಸಿ ಹೇಳಿದರು. ಅವರು ಸುಳ್ಳು ಹೇಳಲಿಲ್ಲ, ಮಾನ್ಯರೇ. ನೇಕಾರರ ಮನೆಯಲ್ಲಿ ಮಗ್ಗದ ವಯಸ್ಸೆಂದರೆ ಗುಂಡಿಯ ವಯಸ್ಸು. ಮರ ಬರುತ್ತದೆ, ಗೆದ್ದಲು ಹಿಡಿದು ಹೋಗುತ್ತದೆ. ಈಗಿನ ಕಂಬಗಳು ನಮ್ಮ ಮಗಳು ಮೇಘನ ಹುಟ್ಟಿದ ವರ್ಷದವು, ಕಾಲಿನಲ್ಲಿ ತುಳಿಯುವ ಹಲಗೆಗಳು ಕೊರೋನಾ ಕಾಲದವು, ಲಾಳಿ ಹೋದ ವರ್ಷ ಪೇಟೆಯಲ್ಲಿ ಕೊಂಡದ್ದು. ಮುತ್ತಾತನ ಕಾಲದಿಂದ ಇರುವುದು ನೆಲದಲ್ಲಿರುವ ಆ ಗುಂಡಿ ಮಾತ್ರ. ಕೇಳಿದ್ದರೆ ಹೇಳುತ್ತಿದ್ದೆವು, ಆದರೆ ಮರದ ವಯಸ್ಸು ಕೇಳುವ ಕಾಲಂ ಅರ್ಜಿಯಲ್ಲಿ ಇರಲಿಲ್ಲ.

ಎರಡು ತಿಂಗಳಿಗೆ ಆದೇಶ ಬಂತು. ನೂರು ವರ್ಷ ಮೀರಿದ ವಸ್ತುವಿನ ಸುತ್ತ ಹಗ್ಗ ಕಟ್ಟಿ, ಆ ಹಗ್ಗವನ್ನು ಯಾರೂ ದಾಟದಂತೆ ನೋಡಿಕೊಳ್ಳತಕ್ಕದ್ದು ಎಂದಿತ್ತು. ಆದೇಶದ ಹಿಂದೆಯೇ ತಾವು ಚಿತ್ತೈಸಿದಿರಿ. ತಮ್ಮ ಜೊತೆಗೆ ಎರಡು ಸಿಮೆಂಟ್ ಬೆಂಚು, ಒಂದು ಬೋರ್ಡು, ಮಗ್ಗದ ಮೇಲೆ ಬೀಳುವಂತೆ ಒಂದು ಹಳದಿ ದೀಪವೂ ಬಂದವು.

ತಮ್ಮ ಕರ್ತವ್ಯನಿಷ್ಠೆಯನ್ನು ಎಷ್ಟು ಹೊಗಳಿದರೂ ಸಾಲದು. ಇಲಿಗಳು ತಮ್ಮ ಕೆಳಗೆ ನುಸುಳಿ ಒಳಹೋಗುತ್ತವೆ, ತಾವು ಏನೂ ಅನ್ನುವುದಿಲ್ಲ. ಜಿರಲೆ ತಮ್ಮ ಮೇಲೆಯೇ ಹರಿದು ಹೋಗುತ್ತದೆ, ಅದಕ್ಕೂ ಬೇಸರವಿಲ್ಲ. ಧೂಳು, ಗೆದ್ದಲು, ಮಳೆಗಾಲದ ತಂಡಿ ಎಲ್ಲಕ್ಕೂ ಧಾರಾಳವಾಗಿ ದಾರಿ ಬಿಟ್ಟಿದ್ದೀರಿ. ತಾವು ತಡೆದು ನಿಲ್ಲಿಸಿರುವುದು ಒಬ್ಬರನ್ನು ಮಾತ್ರ, ಐವತ್ತು ವರ್ಷದಿಂದ ಆ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತವರನ್ನು.

ಭಾನುವಾರದ ಬಸ್ಸು ರಾಜಘಟ್ಟದ ಹಳೆಯ ಬೌದ್ಧ ನೆಲೆ ಮುಗಿಸಿಕೊಂಡು ನಮ್ಮಲ್ಲಿಗೆ ಬರುತ್ತದೆ. ಯಜಮಾನರು ಜನ್ಮದಲ್ಲಿ ಸುತ್ತದ ಪೇಟವನ್ನು ಯೋಜನೆಯವರೇ ತಂದು ಸುತ್ತಿಸಿ, ಕೈಗೊಂದು ಲಾಳಿ ಕೊಟ್ಟು, ತಮ್ಮಿಂದ ಹೊರಗಡೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಅವರನ್ನು ಕೂರಿಸಿದ್ದಾರೆ. ಅವರು ಗಾಳಿಯಲ್ಲಿ ಲಾಳಿ ಆಡಿಸಿ ತೋರಿಸುತ್ತಾರೆ, ಜನ ಫೋಟೋ ತೆಗೆಯುತ್ತಾರೆ. "ಇದು ಇನ್ನೂ ಓಡುತ್ತಾ ಅಂಕಲ್?" ಎಂದು ಒಬ್ಬ ಹೆಣ್ಣುಮಗಳು ಕೇಳಿದಳು. "ಓಡುತ್ತೆ ತಾಯಿ, ನಾನು ಓಡಿಸಂಗಿಲ್ಲ," ಎಂದರು. ಎಲ್ಲರೂ ನಕ್ಕರು. ಬಸ್ಸು ಹೋದ ಮೇಲೂ ಅವರು ಕುರ್ಚಿ ಬಿಟ್ಟೇಳುವುದಿಲ್ಲ, ಮಗ್ಗ ನೋಡುತ್ತಾ ಕೂತಿರುತ್ತಾರೆ. ಆಗ ಅವರ ಪಾದಗಳು ತಮ್ಮಷ್ಟಕ್ಕೆ ತಾವೇ ಒಂದಾದ ಮೇಲೊಂದು ನೆಲವನ್ನು ತುಳಿಯುತ್ತಿರುತ್ತವೆ, ಅದು ಅವರಿಗೇ ಗೊತ್ತಿಲ್ಲ. ಅದನ್ನು ನೋಡಿದಾಗೆಲ್ಲ ನನಗೆ ಅಳು ಬರುತ್ತದೆ, ಮಾನ್ಯರೇ. ಇದೊಂದನ್ನು ನಯವಾಗಿ ಬರೆಯಲು ನನಗೆ ಬರುವುದಿಲ್ಲ.

ಈಗ ಮುಖ್ಯ ವಿಷಯ. ತಾವು ಬಂದ ದಿನ ಮಗ್ಗದ ಮೇಲೆ ಒಂದು ಸೀರೆ ಇತ್ತು, ಇಂದಿಗೂ ಇದೆ. ಅರಿಶಿನದ ಒಡಲು, ಕೆಂಪು ಅಂಚು. ಅದು ಮೇಘನಳ ಧಾರೆ ಸೀರೆ. ಈ ಮನೆಯ ಹೆಣ್ಣುಮಕ್ಕಳು ಈ ಗುಂಡಿಯ ಮೇಲೆ ನೇಯ್ದ ಸೀರೆಯನ್ನೇ ಉಟ್ಟು ಧಾರೆಗೆ ಕೂರುವುದು ನಡೆದು ಬಂದದ್ದು. ಒಡಲೆಲ್ಲ ಮುಗಿದು ಸೆರಗು ಮಾತ್ರ ಬಾಕಿ ಇದೆ. ಮದುವೆಗೆ ಹದಿನೆಂಟು ದಿನವಿದೆ. ಮಗ್ಗಕ್ಕೇರಿಸಿದ ಹಾಸುನೂಲನ್ನು ನಡುವೆ ಕಡಿದು ಬೇರೆ ಮಗ್ಗಕ್ಕೆ ಒಯ್ಯುವುದು ನಮ್ಮಲ್ಲಿ ಅಶುಭ, ಅದರಲ್ಲೂ ಮದುವೆಯ ಸೀರೆಯದು. ಉಮಾಶಂಕರ್ ಅವರಿಗೆ ಫೋನ್ ಮಾಡಿದರೆ, "ಅಂಗಡೀಲಿ ಒಂದು ಒಳ್ಳೇ ಸೀರೆ ತಗೊಂಬಿಡಿ ಅಮ್ಮ, ಸೆಕೆಂಡ್ ಫೇಸ್‌ನಲ್ಲಿ ನೋಡೋಣ," ಎಂದರು. ನೇಕಾರನ ಮಗಳಿಗೆ ಅಂಗಡಿಯ ಸೀರೆ! "ಸೆರಗಿಲ್ದಿದ್ರೂ ಪರವಾಗಿಲ್ಲ ಕಣಮ್ಮಾ, ಅದನ್ನೇ ಉಡ್ತೀನಿ," ಎಂದು ಮೇಘನ ಹಟ ಹಿಡಿದಿದ್ದಾಳೆ. ಸೆರಗಿಲ್ಲದ ಸೀರೆಯನ್ನು ಬಿಡಿಸಿ ತರುವುದಕ್ಕೂ ತಮ್ಮನ್ನು ದಾಟಲೇಬೇಕಲ್ಲ, ಮಾನ್ಯರೇ.

ಆದ್ದರಿಂದ ತಮ್ಮಲ್ಲಿ ನನ್ನ ವಿನಮ್ರ ಪ್ರಾರ್ಥನೆ ಏನೆಂದರೆ, ತಾವೇ ದಯಮಾಡಿ ಗುಂಡಿಗಿಳಿದು ಆ ಮುಕ್ಕಾಲು ಗಜ ಸೆರಗನ್ನು ನೇಯ್ದುಕೊಡಬೇಕು. ತಾವೂ ನೂಲಿನವರೇ, ದೂರದ ನೆಂಟರಾಗುತ್ತೀರಿ. ಮಾವಿನಕಾಯಿ ಬುಟ್ಟ ಹಾಕುವುದು ಹೇಗೆಂದು ಯಜಮಾನರು ಕುರ್ಚಿಯಿಂದಲೇ ಹೇಳಿಕೊಡುತ್ತಾರೆ. ಅದು ಆಗದಿದ್ದರೆ ಯಜಮಾನರನ್ನೂ ನೂರು ವರ್ಷ ಮೀರಿದವರೆಂದು ಘೋಷಿಸಿ ಮಗ್ಗದ ಜೊತೆ ಒಳಗೇ ಇಟ್ಟುಕೊಳ್ಳಬಹುದು. ಅವರಿಗೆ ಈಗ ಅರವತ್ತೇಳು, ಮರಕ್ಕೆ ಅಷ್ಟು ಉದಾರವಾಗಿ ವಯಸ್ಸು ಕೊಟ್ಟವರು ಮನುಷ್ಯನಿಗೆ ಮೂವತ್ನಾಲ್ಕು ಸೇರಿಸಲು ಹಿಂದೆಗೆಯಲಾರರೆಂಬ ಭರವಸೆ ನನಗಿದೆ. ಅದೂ ಕಷ್ಟವಾದರೆ, ನಿಜವಾಗಿ ಹಳೆಯದಾಗಿರುವ ಆ ಗುಂಡಿಯೊಂದನ್ನು ಮಾತ್ರ ಎತ್ತಿಕೊಂಡು ಹೋಗಿ ಗಾಜಿನ ಪೆಟ್ಟಿಗೆಯಲ್ಲಿಟ್ಟು, ಮರವನ್ನು ನಮಗೆ ಬಿಟ್ಟುಕೊಡಿ. ದಿನವೂ ಯಾರಾದರೂ ಕಾಲು ಇಳಿಬಿಡದಿದ್ದರೆ ಅದು ಎಂದೋ ಮುಚ್ಚಿಹೋಗುತ್ತಿತ್ತು ಎಂಬ ಸಣ್ಣ ಮಾತನ್ನು ಪೆಟ್ಟಿಗೆಯ ಮೇಲೆ ಬರೆಸಿದರೆ ಸಾಕು.

ಸೋಮವಾರದೊಳಗೆ ತಮ್ಮ ಉತ್ತರ ಬಂದರೆ ಸಂತೋಷ. ಬಾರದಿದ್ದರೂ ಆದೇಶವನ್ನು ನಾವು ಮೀರುವವರಲ್ಲ, ತಮ್ಮನ್ನು ದಾಟುವವರಲ್ಲ ಎಂದು ಮಾತು ಕೊಡುತ್ತೇನೆ.

ತಮ್ಮಿಂದ ಎರಡು ಗೇಣು ಆಚೆ, ಆಜ್ಞೆಗೆ ಕಾದು ನಿಂತಿರುವ,
ತಮ್ಮ ವಿಶ್ವಾಸಿ,
ಭಾಗ್ಯಮ್ಮ

ತಾ.ಕ.: ಸೋಮವಾರ ಕಳೆಯಿತು. ತಾವು ನಿಂತಿರುವುದು ಮೂರು ದಿಕ್ಕಿಗೆ ಮಾತ್ರ. ನಾಲ್ಕನೆಯದು, ನೇಕಾರ ಕೂರುವ ಬೆನ್ನ ಹಿಂದಿನದು, ನನ್ನ ಅಡುಗೆಮನೆಯ ಗೋಡೆ. ಅದನ್ನು ಕಟ್ಟಿಸಿದ್ದು ನಾನು ಈ ಮನೆಗೆ ಸೊಸೆಯಾಗಿ ಬಂದ ಮೇಲೆ, ನೂರು ವರ್ಷಕ್ಕೆ ಇನ್ನೂ ಬೇಕಾದಷ್ಟು ಸಮಯವಿದೆ. ಮಂಗಳವಾರ ಬೆಳಿಗ್ಗೆ ಮೇಘನ ಒಲೆ, ಸಿಲಿಂಡರು, ಪಾತ್ರೆಗಳನ್ನೆಲ್ಲ ಜಗುಲಿಗೆ ಸಾಗಿಸಿದಳು, ನಾನು ಹಾರೆ ಹಿಡಿದು ಗೋಡೆಗೆ ಒಂದು ಕಿಂಡಿ ಒಡೆದೆ. ಯಜಮಾನರು ನನ್ನ ಅಡುಗೆಮನೆಯಿಂದ ಬಗ್ಗಿ ನುಸುಳಿ ಗುಂಡಿಗಿಳಿದರು. ತಮ್ಮನ್ನು ಯಾರೂ ದಾಟಿಲ್ಲ, ಮುಟ್ಟಿಯೂ ಇಲ್ಲ. ಇದನ್ನು ಬರೆಯುವ ಹೊತ್ತಿಗೆ ಸೆರಗು ಒಂದು ಗೇಣು ಆಗಿದೆ. ಇನ್ನು ಬಸ್ಸಿನವರು ಬಂದು, ಈ ಮನೆಯಲ್ಲಿ ಯಾವ ಕೆಲಸಕ್ಕೂ ಬಾರದೆ ಬರೀ ನೋಡಲಿಕ್ಕೆಂದು ಇಟ್ಟಿರುವುದು ಯಾವುದು ಎಂದು ಕೇಳಿದರೆ, ತಮ್ಮ ಕಡೆಗೇ ಕೈ ತೋರಿಸಲು ಅಪ್ಪಣೆಯಾಗಬೇಕು.