ಕಾರಿಡಾರಿನಲ್ಲೇ ಕಳೆದ ನೌಕರಿ

ಇಂಗ್ಲಿಷ್ ಮಾಸ್ತರ ಎಂದರೆ ಎಲ್ಲ ಊರಲ್ಲೂ ಕೈಮುಗಿಯುತ್ತಾರೆ, ಪಾಠ ಮಾಡಲು ಖೋಲಿ ಮಾತ್ರ ಯಾರೂ ಕೊಡುವುದಿಲ್ಲ. ಎಪ್ಪತ್ತರ ದಶಕದಿಂದ ಮೂರು ತಾಲೂಕು ತಿರುಗಿದೆ, ಹೋದಲ್ಲೆಲ್ಲ ನನ್ನ ಹಣೆಗೆ ಕಾರಿಡಾರೇ. ನೀವು ನಗುತ್ತೀರಿ, ನನಗೆ ಇವತ್ತಿಗೂ ಮೈ ಉರಿಯುತ್ತದೆ.

೧. ಆಳಂದ

ಖೋಲಿ ಸಾಲದೆ ನನ್ನ ಹತ್ತನೆಯ ಕ್ಲಾಸನ್ನು ಕಾರಿಡಾರಿನಲ್ಲಿ ಕೂರಿಸಿದ್ದರು. ಪಾಠ ಶುರುವಾದರೆ ಸಾಕು, ಕೊಡ ಹೊತ್ತ ಜವಾನ ನಡುವೆಯೇ ಹಾಯುತ್ತಿದ್ದ. ಒಂದು ದಿನ ಡಿಕ್ಷನರಿ ಹಿಡಿದು ಹೆಡ್‌ಮಾಸ್ತರರ ಮುಂದೆ ನಿಂತೆ.

"ಸರ್, ಕಾರಿಡಾರ್ ಅನ್ನೂ ಶಬ್ದ ಲ್ಯಾಟಿನ್‌ದಾಗ ಹುಟ್ಟಿ ಇಟಲಿ ಹಾಯ್ದು ಬಂದದ್ರಿ. ಮೂಲ ಅರ್ಥ ಓಡೂದು. ಅದು ಓಡೂ ಜಾಗಾರಿ, ಕೂಡೂ ಜಾಗಾ ಅಲ್ಲ!"

ಅವರು ಕನ್ನಡಕ ಏರಿಸಿ ಇಡೀ ಪುಟ ಓದಿದರು. "ಹೌದ್ರಿ, ಖರೇ ಅದ" ಎಂದರು. ಗೆದ್ದೆ ಅಂದುಕೊಂಡೆ. ಮರುದಿನ ಬಂದು ನೋಡಿದರೆ ಕ್ಲಾಸು ಅಲ್ಲೇ ಇತ್ತು, ನನ್ನ ಕುರ್ಚಿ ಮಾತ್ರ ಎತ್ತಿಸಿಬಿಟ್ಟಿದ್ದರು.

೨. ಅಫಜಲಪುರ

ಇಲ್ಲಿ ಬಾಯಿಮಾತಿಗೆ ಹೋಗಲಿಲ್ಲ. ತಪಾಸಣೆಗೆ ಬಂದ ಸಾಹೇಬರಿಗೆ ಎರಡು ಹಾಳೆಯ ಅರ್ಜಿ ಕೊಟ್ಟೆ. ಈ ಹೆಸರು ಮೊದಲು ಕೋಟೆಯ ಕಂದಕದ ಗುಂಟ ಇದ್ದ ದಾರಿಗೆ ಇತ್ತು, ಆಮೇಲೆ ದೊಡ್ಡ ಮನೆಗಳ ಉದ್ದ ಪಡಸಾಲೆಗೆ ಬಂತು, ಯಾವ ಕಾಲಕ್ಕೂ ಯಾವ ದೇಶದಲ್ಲೂ ಕ್ಲಾಸು ಎಂಬ ಅರ್ಥ ಅದಕ್ಕಿಲ್ಲ ಎಂದು ಬರೆದಿದ್ದೆ.

ಸಾಹೇಬರು ಬೆನ್ನು ತಟ್ಟಿದರು. "ಏನ್ ವಿದ್ವತ್ತು ಮಾಸ್ತರ! ನಿಮ್ಮನ್ನ ಖೋಲಿಯೊಳಗ ಹಾಕಿದ್ರ ಒಂದ ಕ್ಲಾಸಿಗೆ ಲಾಭ. ಕಾರಿಡಾರಿನ್ಯಾಗ ಇದ್ರ ಇಡೀ ಶಾಲಿಗೇ ಕೇಳಸ್ತದ. ಇಲ್ಲೇ ಇರ್ರಿ."

ನೋಡಿ, ಓದಿದ್ದಕ್ಕೆ ಇದು ಶಿಕ್ಷೆ.

೩. ಜೇವರ್ಗಿ

ಕೊನೆಗೆ ಇಲ್ಲಿ ನನ್ನ ಕ್ಲಾಸಿಗೆಂದೇ ಹೊಸ ಖೋಲಿ ಮಂಜೂರಾಯಿತು. ಸಿಹಿ ಹಂಚಿದೆ. ಪಾಯ ತೋಡುವ ದಿನ ಊರ ಹಿರಿಯರು ಬಂದು ನಿಂತರು. "ಖೋಲಿ ಕಟ್ರಿ, ಬ್ಯಾಡ ಅನ್ನಂಗಿಲ್ಲ. ಆದ್ರ ಇದು ನಮ್ಮ ಮುತ್ತ್ಯಾರ ಕಾಲದಿಂದ ಹೊಲಕ್ಕ ಹೋಗೂ ಹಾದಿ. ವಹಿವಾಟಿನ ಹಾದಿ ಮುಚ್ಚೂದು ನಮ್ಮಲ್ಲಿ ಪದ್ಧತಿ ಇಲ್ರಿ."

ಪಂಚಾಯಿತಿ ಸೇರಿತು. ಎರಡೂ ಕಡೆಯವರು ಒಪ್ಪುವ ತೀರ್ಮಾನವಾಯಿತು: ಖೋಲಿಗೆ ಎದುರುಬದುರು ಎರಡು ಬಾಗಿಲು, ಯಾವುದಕ್ಕೂ ಅಗಳಿ ಇಲ್ಲ. ಒಪ್ಪಿದವರಲ್ಲಿ ನಾನಿರಲಿಲ್ಲ, ನನ್ನನ್ನು ಯಾರೂ ಕೇಳಲೇ ಇಲ್ಲ.

ಮೊದಲ ದಿನ ಬೋರ್ಡಿನ ಮೇಲೆ ಒಂದು ಸಾಲು ಬರೆದಿದ್ದೆನೋ ಇಲ್ಲವೋ, ತಲೆಯ ಮೇಲೆ ಜೋಳದ ಕಣಿಕೆಯ ಹೊರೆ ಹೊತ್ತ ಮುದುಕಿಯೊಬ್ಬಳು ಒಳಗೆ ಬಂದಳು. ಹುಡುಗರು ಸರಿದು ದಾರಿ ಬಿಟ್ಟರು. ನನ್ನ ಮೇಜಿನ ಹತ್ತಿರ ನಿಂತು ಮರುಕದಿಂದ ಕೇಳಿದಳು:

"ಯಾಕ್ರಿ ಮಾಸ್ತರ, ಹಿಂಗ ಹಾದ್ಯಾಗ ಕುಂದ್ರಿಸಿ ಪಾಠ ಮಾಡಾಕತ್ತೀರಿ? ನಿಮಗೊಂದು ಖೋಲಿ ಕೊಟ್ಟಿಲ್ಲೇನ್ರಿ?"